ಗೊಬ್ಬರದ ಮೂಟೆಯ ಎಪ್ಸಮ್ ಸಾಲ್ಟ್ ಅತ್ತೆಯ ಕಾಲಿಗೆ ಆಗುತ್ತಾ?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು. ತೋಟಕ್ಕೆ ಅಂತ ಯಜಮಾನರು ತಂದ ಮೆಗ್ನೀಸಿಯಂ ಸಲ್ಫೇಟ್ ಅರ್ಧ ಮೂಟೆ ಉಳಿದಿದೆ. ಬೆಂಗಳೂರಿನಲ್ಲಿರುವ ಮಗಳು "ಅದೇ ಎಪ್ಸಮ್ ಸಾಲ್ಟ್ ಅಮ್ಮಾ, ಇಲ್ಲಿ ಸಣ್ಣ ಡಬ್ಬಿಗೆ ಎಷ್ಟೊಂದು ದುಡ್ಡು ಕೊಡ್ತೀವಿ" ಅನ್ನುತ್ತಾಳೆ. ಅತ್ತೆಗೆ 74 ವರ್ಷ. ಮಂಡಿನೋವು ಇದೆ. 14 ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿಗೂ ಮಾತ್ರೆ. ಮಳೆಗಾಲ ಬಂದರೆ ಮಲಬದ್ಧತೆ ಬೇರೆ. ಈ ಉಪ್ಪನ್ನು ಬಿಸಿನೀರಿಗೆ ಹಾಕಿ ಕಾಲು ಇಡಿಸಬಹುದಾ? ಸ್ವಲ್ಪ ಕುಡಿಸಬಹುದಾ? ಬಚ್ಚಲಿನ ಟೈಲ್ಸ್, ಬಟ್ಟೆ, ಗುಲಾಬಿ ಗಿಡ ಎಲ್ಲಕ್ಕೂ ಒಳ್ಳೆಯದಂತೆ, ನಿಜವಾ?

ಉತ್ತರ: ಮಗಳು ಹೇಳಿದ್ದು ಸರಿ, ಎರಡೂ ಒಂದೇ ವಸ್ತು. ಆದರೂ ಆ ಮೂಟೆಯಿಂದ ಒಂದು ಚಮಚವನ್ನೂ ಅತ್ತೆಗೆ ಕುಡಿಸಬೇಡಿ. ಅವರ ಪಾದವನ್ನು ಬಿಸಿನೀರಿನ ಬೇಸಿನ್‌ಗೂ ಇಳಿಸಬೇಡಿ. ಗುಲಾಬಿಗೆ ಹಾಕಬಹುದು, ಆದರೆ ಮೊದಲು ಎಲೆ ನೋಡಬೇಕು. ಬಟ್ಟೆಗೆ ಖಂಡಿತ ಬೇಡ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಯಾಕೆ ಅಂತ ಗೊತ್ತಾಗದಿದ್ದರೆ ಮುಂದಿನ ವಾರ ಇನ್ನೊಂದು ವಿಡಿಯೋ ಬರುತ್ತೆ, ಮತ್ತೆ ಅದೇ ಗೊಂದಲ.

ನಾನು ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ಮೂವತ್ತು ವರ್ಷ ನಿಂತವನು. ಮನೆಯಲ್ಲಿ ಎರಡೂವರೆ ಎಕರೆ ಕಾಫಿಯೂ ಇದೆ. ಈ ಉಪ್ಪನ್ನು ಚಿಕ್ಕ ಪ್ಯಾಕೆಟ್‌ನಲ್ಲಿ ಮಾರಿದ್ದೇನೆ, ಮೂಟೆಯಲ್ಲಿ ಹೊತ್ತೂ ತಂದಿದ್ದೇನೆ.

ಎಪ್ಸಮ್ ಅನ್ನುವುದು ಲಂಡನ್‌ನಿಂದ ದಕ್ಷಿಣಕ್ಕಿರುವ ಒಂದು ಊರು. 1618ರ ಸುಮಾರಿಗೆ ಅಲ್ಲಿನ ಒಂದು ಹೊಂಡದ ಕಹಿ ನೀರನ್ನು ದನಗಳು ಮೂಸಿ ಬಿಟ್ಟವಂತೆ. ಕುಡಿದ ಜನರಿಗೆ ಹೊಟ್ಟೆ ಸಡಿಲವಾಯಿತಂತೆ. ಆ ನೀರನ್ನು ಕುದಿಸಿ ಬತ್ತಿಸಿದಾಗ ಸಿಕ್ಕ ಹರಳೇ ಎಪ್ಸಮ್ ಸಾಲ್ಟ್. ನಮ್ಮ ಹಳಬರು ಇದನ್ನು ಭೇದಿ ಉಪ್ಪು ಅಂದರು. ಹೆಸರಿನಲ್ಲೇ ಕೆಲಸ ಇದೆ ನೋಡಿ. ಇದು ಅಡುಗೆ ಉಪ್ಪಲ್ಲ, ಇದರಲ್ಲಿ ಸೋಡಿಯಂ ಇಲ್ಲವೇ ಇಲ್ಲ. 100 ಗ್ರಾಂ ಹರಳು ತೂಗಿದರೆ ಅದರಲ್ಲಿ ಸುಮಾರು 10 ಗ್ರಾಂ ಮೆಗ್ನೀಸಿಯಂ, 13 ಗ್ರಾಂ ಗಂಧಕ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ 51 ಗ್ರಾಂ, ಹರಳಿನೊಳಗೇ ಕೂತ ನೀರು! ಬೇಸಿಗೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಗಾಜಿನಂತಿದ್ದ ಹರಳು ಬಿಳಿ ಪುಡಿಯಾಗುವುದು ಆ ನೀರು ಹೋಗಿದ್ದಕ್ಕೆ. ಕೆಟ್ಟಿಲ್ಲ, ಬಿಸಾಡಬೇಡಿ. ಒಂದೇ ವಿಷಯ, ಅದೇ ತೂಕದಲ್ಲಿ ಈಗ ಉಪ್ಪು ಜಾಸ್ತಿ ಇರುತ್ತದೆ.

ಈಗ ಮೂಟೆಯ ವಿಚಾರ. ಮೆಡಿಕಲ್ ಶಾಪಿನ ಪ್ಯಾಕೆಟ್ ಮೇಲೆ 'ಐ.ಪಿ.' ಅಂತ ಎರಡು ಅಕ್ಷರ ಇರುತ್ತದೆ. ಔಷಧಕ್ಕೆ ಎಷ್ಟು ಶುದ್ಧ ಇರಬೇಕು ಅಂತ ನಮ್ಮ ದೇಶ ಮಾಡಿಕೊಂಡ ಅಳತೆ ಅದು. ಗೊಬ್ಬರದ ಮೂಟೆಯನ್ನು ಆ ಅಳತೆಗೆ ಪರೀಕ್ಷೆ ಮಾಡಿರುವುದಿಲ್ಲ, ಮಾಡುವ ಅಗತ್ಯವೂ ಇಲ್ಲ. ಕಾಫಿ ಗಿಡಕ್ಕೆ ಅಷ್ಟು ಸಾಕು. ನಿಮ್ಮ ಅತ್ತೆಗೆ ಸಾಲದು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ತೋಟದ ಸ್ಟೋರ್ ರೂಮಿನಲ್ಲಿ ಬಿಳಿ ಹರಳು ಅಂದರೆ ಇದೊಂದೇ ಅಲ್ಲ. ಜಿಂಕ್ ಸಲ್ಫೇಟ್ ಕೂಡ ಥೇಟ್ ಹೀಗೇ ಕಾಣುತ್ತದೆ. ಕಾಫಿಗೆ ಸತುವಿನ ಸ್ಪ್ರೇ ಕೊಡುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ನಾನೇ ಮಾಡಿದ ತಪ್ಪು ಹೇಳುತ್ತೇನೆ. ಒಂದು ಮಳೆಗಾಲ ಎರಡೂ ಚೀಲ ಒದ್ದೆಯಾಗುತ್ತವೆ ಅಂತ ಎರಡು ಹಾರ್ಲಿಕ್ಸ್ ಬಾಟಲಿಗೆ ಸುರಿದು ಇಟ್ಟೆ. ಆಮೇಲೆ ಚೀಟಿ ಅಂಟಿಸೋಣ ಅಂದುಕೊಂಡೆ. ಅಂಟಿಸಲಿಲ್ಲ. ನಾಲ್ಕು ದಿನ ಬಿಟ್ಟು ಅಮ್ಮ "ಭೇದಿ ಉಪ್ಪು ತಂದಿದ್ದೀಯಲ್ಲ" ಅಂತ ಒಂದು ಬಾಟಲಿಯಿಂದ ಚಮಚ ತೆಗೆದು ನೀರಿಗೆ ಹಾಕಿ ಬಾಯಿಗಿಟ್ಟರು. ತಕ್ಷಣ ಥೂ ಅಂತ ಉಗುಳಿದರು. "ಇದೇನೋ, ಹಳೇ ತಗಡು ನೆಕ್ಕಿದ ಹಾಗಿದೆ, ನಾಲಿಗೆ ಒಗರಾಗಿ ಹೋಯ್ತು" ಅಂದರು. ಅದು ಸತು. ನುಂಗಿದ್ದರೆ ವಾಂತಿ, ಹೊಟ್ಟೆನೋವು ಅಂತ ಆಸ್ಪತ್ರೆಗೆ ಓಡಬೇಕಿತ್ತು. ಔಷಧ ಮಾರುವವನ ಮನೆಯ ಕಥೆ ಇದು! ಅವತ್ತಿನಿಂದ ನಮ್ಮಲ್ಲಿ ತೋಟದ ಯಾವ ವಸ್ತುವೂ ತಿನ್ನುವ ಡಬ್ಬಿಗೆ ಇಳಿಯುವುದಿಲ್ಲ. ನಿಮ್ಮಲ್ಲೂ ಮೂಟೆಯನ್ನು ಅದರ ಹೆಸರು ಕಾಣುವ ಹಾಗೆ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಟ್ಟುಬಿಡಿ. ಯಾವುದು ಯಾವುದು ಅಂತ ಸಂಶಯ ಬಂದರೆ ರುಚಿ ನೋಡಿ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ.

ಬಿಸಿನೀರಿನ ಸ್ನಾನಕ್ಕೆ ಬರುತ್ತೇನೆ. ಚರ್ಮದ ಮೂಲಕ ಮೆಗ್ನೀಸಿಯಂ ಒಳಗೆ ಹೋಗಿ ನೋವು ಕಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಚರ್ಮ ಇರುವುದೇ ಹೊರಗಿನದನ್ನು ಹೊರಗೇ ಇಡಲು. ಮಳೆಗೆ ಬೆನ್ನ ಮೇಲೆ ಹೊದ್ದುಕೊಳ್ಳುವ ಗೊರಬೆ ಇದ್ದ ಹಾಗೆ. ಇಡೀ ದಿನ ಮಳೆಯಲ್ಲಿ ನಾಟಿ ಮಾಡಿದರೂ ನೀರೇ ಒಳಗೆ ಇಳಿಯುವುದಿಲ್ಲ, ಇನ್ನು ಉಪ್ಪು ಎಷ್ಟು ಇಳಿದೀತು? ಹಾಗಾದರೆ ಕಾಲು ಇಟ್ಟವರಿಗೆ ಹಾಯಾಗುವುದು ಸುಳ್ಳಾ? ಸುಳ್ಳಲ್ಲ. ಹಾಯಾಗುತ್ತದೆ. ಅದು ಬೆಚ್ಚಗಿನ ನೀರಿನ ಕೆಲಸ. ಸ್ನಾಯು ಸಡಿಲಾಗುತ್ತದೆ, ರಕ್ತ ಓಡುತ್ತದೆ, ಹದಿನೈದು ನಿಮಿಷ ಸುಮ್ನೆ ಕೂತಿರುತ್ತೇವೆ. ಕೊಡಗಿನ ಬಚ್ಚಲು ಮನೆಯ ಹಂಡೆ ಒಲೆ ಈ ಕೆಲಸವನ್ನು ಉಪ್ಪಿಲ್ಲದೆಯೇ ಮಾಡಿಕೊಂಡು ಬಂದಿದೆ. ಇಡೀ ದಿನ ಕಾಫಿ ಕುಯ್ದು ಬಂದವರು ಸೊಂಟಕ್ಕೆ ನಾಲ್ಕು ಚೆಂಬು ಬಿಸಿನೀರು ಹುಯ್ದುಕೊಂಡು 'ಅಬ್ಬಾ' ಅನ್ನುತ್ತಾರಲ್ಲ, ಆ ಅಬ್ಬಾಕ್ಕೆ ಎಪ್ಸಮ್ ಬೇಕಾಗಿಲ್ಲ.

ಆದರೂ ಆರೋಗ್ಯವಾಗಿರುವವರು ಉಪ್ಪು ಹಾಕಿಕೊಳ್ಳಬೇಕು ಅಂದರೆ ಅಡ್ಡಿಯಿಲ್ಲ. ನೀವೇ ಮಾಡಿ ನೋಡಿ. 5 ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 100 ಗ್ರಾಂ, ಅಂದರೆ ಅರ್ಧ ಕಪ್ಪು. ಮೊಣಕೈ ಅದ್ದಿ ನೋಡಿದಾಗ 'ಬೆಚ್ಚಗಿದೆ' ಅನ್ನಿಸಬೇಕು, 'ಬಿಸಿ' ಅನ್ನಿಸಬಾರದು. ಹದಿನೈದು ಇಪ್ಪತ್ತು ನಿಮಿಷ ಸಾಕು. ಆಮೇಲೆ ಒಳ್ಳೆಯ ನೀರಲ್ಲಿ ತೊಳೆದು ಬೆರಳ ಸಂದಿ ಚೆನ್ನಾಗಿ ಒರೆಸಿ. ಮಳೆಗಾಲದಲ್ಲಿ ಸಂದಿ ಬಿಳಿಚಿ ಒಡೆದಿದ್ದರೆ ಈ ನೀರಿನ ಸಹವಾಸವೇ ಬೇಡ. ಅದು ಬೂಷ್ಟಿನ ತೊಂದರೆ. ಪಾದ ಒಣಗಿಸಿ ಬೂಷ್ಟಿನ ಮುಲಾಮು ಹಚ್ಚಬೇಕು. ಅದನ್ನು ಮತ್ತೆ ನೆನೆಸಿದರೆ ಬೂಷ್ಟಿಗೆ ಹಬ್ಬ. ಜಿಗಣೆ ಕಚ್ಚಿದ ಗಾಯಕ್ಕೂ ಉಪ್ಪುನೀರು ಉರಿ ಮಾತ್ರ ಕೊಡುತ್ತದೆ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದುಕೊಳ್ಳಿ.

ಅತ್ತೆಯ ವಿಷಯ ಬೇರೆ. 14 ವರ್ಷ ಸಕ್ಕರೆ ಕಾಯಿಲೆ ಇದ್ದವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವ ಸಾಧ್ಯತೆ ಜಾಸ್ತಿ. ನೀರು ಸುಡುತ್ತಿದ್ದರೂ "ಇನ್ನೂ ಸ್ವಲ್ಪ ಬಿಸಿ ಹಾಕಮ್ಮ" ಅನ್ನುತ್ತಾರೆ. ಅವರ ತಪ್ಪಲ್ಲ, ಅವರಿಗೆ ಗೊತ್ತಾಗುವುದಿಲ್ಲ. ನೆನೆದ ಚರ್ಮ ಒಡೆಯುತ್ತದೆ, ಸಣ್ಣ ಬೊಬ್ಬೆ ಏಳುತ್ತದೆ, ಸಕ್ಕರೆ ಇದ್ದಲ್ಲಿ ಅದು ವಾಸಿಯಾಗಲು ತಿಂಗಳು ಬೇಕು. ನನ್ನ ಕೌಂಟರಿಗೆ ಬ್ಯಾಂಡೇಜು ಕೇಳಿ ಬಂದ ಇಂಥ ಪಾದಗಳನ್ನು ಎಷ್ಟೋ ನೋಡಿದ್ದೇನೆ. ಎಲ್ಲರೂ ಹೇಳುವುದು ಒಂದೇ ಮಾತು, "ಬಿಸಿನೀರಲ್ಲಿ ಇಟ್ಟಿದ್ದಷ್ಟೇ." ನೋವಿರುವುದು ಮಂಡಿಯಲ್ಲಿ ತಾನೇ? ಟವೆಲನ್ನು ಬೆಚ್ಚಗಿನ ನೀರಿಗೆ ಅದ್ದಿ ಹಿಂಡಿ, ಬಿಸಿಯನ್ನು ನಿಮ್ಮ ಕೈಯಲ್ಲಿ ನೋಡಿ, ಮಂಡಿಗೆ ಸುತ್ತಿ. ಹತ್ತು ನಿಮಿಷ ಬಿಟ್ಟು ತೆಗೆದು ಚರ್ಮ ಕೆಂಪಾಗಿದೆಯಾ ನೋಡಿ. ಉಪ್ಪು ಬೇಡ.

ಕುಡಿಸುವ ವಿಚಾರದಲ್ಲಿ ನಾನು ಇನ್ನೂ ಗಟ್ಟಿ.

ಇದು ಒಳ್ಳೆಯ ಭೇದಿ ಔಷಧವೇ. ಕರುಳಿನಲ್ಲಿ ಉಪ್ಪು ಪೂರ್ತಿ ಹೀರಿಕೊಳ್ಳುವುದಿಲ್ಲ, ಅಲ್ಲೇ ಕೂತು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ ಮುಗಿಯುತ್ತದೆ. ಒಳಗೆ ಹೋದ ಅಲ್ಪಸ್ವಲ್ಪ ಮೆಗ್ನೀಸಿಯಂ ಅನ್ನು ಮೂತ್ರಪಿಂಡ ಹೊರಗೆ ಹಾಕಬೇಕು. ವಯಸ್ಸು, ಸಕ್ಕರೆ, ಬಿಪಿ ಮೂರೂ ಸೇರಿದ ಕಡೆ ಮೂತ್ರಪಿಂಡ ಸುಸ್ತಾಗಿರುವುದು ಸಾಮಾನ್ಯ, ಎಷ್ಟೋ ಜನರಿಗೆ ಅದು ಗೊತ್ತೂ ಇರುವುದಿಲ್ಲ. ಆಗ ಮೆಗ್ನೀಸಿಯಂ ರಕ್ತದಲ್ಲೇ ಉಳಿಯುತ್ತದೆ. ಮಂಪರು, ಕೈಕಾಲು ಸೋಲುವುದು, ಬಿಪಿ ಇಳಿಯುವುದು. ತೀರಾ ಹೆಚ್ಚಾದರೆ ಉಸಿರಾಟವೂ ನಿಧಾನವಾಗುತ್ತದೆ.

ಈ ಉಪ್ಪಿಗೆ ಎಷ್ಟು ಶಕ್ತಿ ಅಂತ ತಿಳಿಯಬೇಕಾದರೆ ಹೆರಿಗೆ ವಾರ್ಡಿಗೆ ಹೋಗಬೇಕು. ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರುವ ಹಂತ ತಲುಪಿದಾಗ ಕೊಡುವ ಇಂಜೆಕ್ಷನ್ ಇದೇ ಮೆಗ್ನೀಸಿಯಂ ಸಲ್ಫೇಟ್. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2002ರಲ್ಲಿ ಬಂತು. ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆದರೆ ಪ್ರತಿ ಸಲ ಮುಂದಿನ ಡೋಸ್ ಕೊಡುವ ಮೊದಲು ನರ್ಸ್ ಮಂಡಿಯ ಕೆಳಗೆ ಮೆಲ್ಲಗೆ ತಟ್ಟಿ ಕಾಲು ಜಿಗಿಯುತ್ತದಾ ನೋಡುತ್ತಾರೆ. ಉಸಿರು ಎಣಿಸುತ್ತಾರೆ, ಮೂತ್ರ ಎಷ್ಟು ಬಂತು ಅಂತ ಅಳೆಯುತ್ತಾರೆ. ಕಾಲು ಜಿಗಿಯದಿದ್ದರೆ ಇಂಜೆಕ್ಷನ್ ನಿಲ್ಲಿಸುತ್ತಾರೆ. ಮೆಗ್ನೀಸಿಯಂ ಜಾಸ್ತಿಯಾಗಿದೆ ಅಂತ ಮೊದಲು ಹೇಳುವುದು ಮಂಡಿ. ಕುಡಿದದ್ದು ಇಂಜೆಕ್ಷನ್ನಿನಷ್ಟು ಒಳಗೆ ಹೋಗುವುದಿಲ್ಲ, ನಿಜ. ಆದರೆ ಮನೆಯಲ್ಲಿ ಮಂಡಿ ತಟ್ಟಿ ನೋಡುವವರೂ ಇರುವುದಿಲ್ಲ ಅಲ್ವಾ?

ಇನ್ನೊಂದು ಮಾತು, ಇದು ಎಲ್ಲರಿಗೂ. ಮಳೆಗಾಲದಲ್ಲಿ ಇಲಿಜ್ವರಕ್ಕೆ ಅಂತ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಮೆಗ್ನೀಸಿಯಂ ಆ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಬಿಡುತ್ತದೆ, ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಥೈರಾಯಿಡ್ ಮಾತ್ರೆಗೂ ಹೀಗೇ. ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಭೇದಿ ಉಪ್ಪು ಮುಟ್ಟುವ ಮೊದಲು ಡಾಕ್ಟರನ್ನು ಕೇಳಿ.

ಅತ್ತೆಯ ಮಲಬದ್ಧತೆಗೆ ಕಾರಣ ಮೊದಲು ಹುಡುಕಿ. ಕೆಲವು ಬಿಪಿ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೊಟ್ಟೆ ಬಿಗಿ ಮಾಡುತ್ತವೆ. ಅವರ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ಹಾಗೆಯೇ ಮೂತ್ರಪಿಂಡ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ಎಷ್ಟು ದಿನ ಆಯಿತು ಅಂತಲೂ ಕೇಳಿ. ಮಳೆಗಾಲದಲ್ಲಿ ನಮ್ಮ ಕಡೆ ವಯಸ್ಸಾದವರು ನೀರು ಕುಡಿಯುವುದೇ ಇಲ್ಲ. ಚಳಿ, ಮತ್ತೆ ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಲ್ಲ ಅನ್ನುವ ಭಯ. ಒಲೆ ಮುಂದೆ ಕೂತು ಕಾಫಿ ಮಾತ್ರ ಮೂರು ನಾಲ್ಕು ಸಲ. ಹಗಲು ಹೊತ್ತಿನಲ್ಲಿ ಬಿಸಿನೀರು ಕೊಡಿ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ನಮ್ಮ ಮಳೆ ತಿಂಗಳಲ್ಲಿ, ಸಿಗುವ ಕಣಿಲೆ (ಎಳೆ ಬಿದಿರು), ಕೆಸುವಿನ ಸೊಪ್ಪು, ಅಣಬೆ ಎಲ್ಲದರಲ್ಲೂ ನಾರಿದೆ. ಅದೂ ಸಾಲದಿದ್ದರೆ ಈಸಬ್‌ಗೋಲ್, ಜೊತೆಗೆ ತುಂಬು ಲೋಟ ನೀರು.

ಯಕೃತ್ತು ತೊಳೆಯಲು, ಪಿತ್ತಕೋಶದ ಕಲ್ಲು ಬೀಳಿಸಲು ಎಪ್ಸಮ್ ಸಾಲ್ಟ್, ಆಲಿವ್ ಎಣ್ಣೆ, ನಿಂಬೆರಸ ಕುಡಿಯಿರಿ ಅನ್ನುವ ವಿಡಿಯೋ ಕೂಡ ಓಡಾಡುತ್ತಿದೆ. ಮರುದಿನ ಹಸಿರು ಉಂಡೆಗಳು ಬೀಳುತ್ತವೆ, ಜನ ಫೋಟೋ ಹಾಕುತ್ತಾರೆ. ಅಂಥ ಉಂಡೆಗಳನ್ನು ಪರೀಕ್ಷೆ ಮಾಡಿದ ವರದಿಯೊಂದು 2005ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅವು ಕಲ್ಲೇ ಅಲ್ಲ. ಕುಡಿದ ಎಣ್ಣೆ ಹೊಟ್ಟೆಯೊಳಗೆ ಸೋಪಾಗಿ ಗಟ್ಟಿಯಾದದ್ದು. ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ಉಂಡರೆ ಮರುದಿನ ಮೂತ್ರ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ. ಅದನ್ನು ನೋಡಿ ಯಾರೂ ಹೆದರುವುದಿಲ್ಲ, ವಿಷ ಹೊರಬಂತು ಅಂತ ಫೋಟೋನೂ ಹಾಕುವುದಿಲ್ಲ. ನಾನಂತೂ ಪ್ರತಿ ವರ್ಷ ಎರಡು ಬಟ್ಟಲು ತಿನ್ನುತ್ತೇನೆ, ರುಚಿಗೆ.

ಸೋಪಿನ ಮಾತು ಬಂತಲ್ಲ, ಬಟ್ಟೆಗೆ ಯಾಕೆ ಬೇಡ ಅಂತ ಹೇಳಿದೆನೋ ಅದಕ್ಕೆ ಒಂದು ಚಿಕ್ಕ ಪ್ರಯೋಗ. ಎರಡು ಲೋಟಕ್ಕೆ ನಿಮ್ಮ ಬಾವಿ ನೀರು ತುಂಬಿ. ಒಂದಕ್ಕೆ ಅರ್ಧ ಚಮಚ ಎಪ್ಸಮ್ ಸಾಲ್ಟ್ ಕರಗಿಸಿ. ಎರಡಕ್ಕೂ ಬಾರ್ ಸೋಪನ್ನು ಸ್ವಲ್ಪ ಕೆರೆದು ಹಾಕಿ ಅಲ್ಲಾಡಿಸಿ. ಸಾದಾ ನೀರಿನಲ್ಲಿ ನೊರೆ ಏಳುತ್ತದೆ. ಉಪ್ಪಿನ ಲೋಟದಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲುತ್ತದೆ. ನೀರನ್ನು ಗಡಸು ಮಾಡುವುದೇ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ. ನಮ್ಮ ಕೊಡಗಿನ ಹೆಚ್ಚಿನ ಕಡೆ ನೀರು ಮೃದು, ಸೋಪು ಚೆನ್ನಾಗಿ ನೊರೆಯುತ್ತದೆ. ಅಂಥ ನೀರಿಗೆ ಕೈಯಾರೆ ಗಡಸುತನ ಹಾಕಿ 'ಬಟ್ಟೆ ಮೃದುವಾಗುತ್ತೆ' ಅಂದರೆ ಹೇಗೆ?

ಟೈಲ್ಸ್‌ಗೆ ಹರಳು ಹಾಕಿ ಉಜ್ಜಿದರೆ ಜಿಡ್ಡು ಹೋಗುತ್ತದೆ, ಮರಳಿನಿಂದ ಉಜ್ಜಿದರೂ ಹೋಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಜೊತೆ ಒಂದು ಚಮಚ ಸೇರಿಸಿ ಉಜ್ಜಿ ತೊಳೆಯಿರಿ, ಮೂಟೆ ಖಾಲಿ ಮಾಡಲು ಒಂದು ದಾರಿ ಅಷ್ಟೇ. ನಿಮ್ಮ ಬಚ್ಚಲಿನಲ್ಲಿರುವುದು ನಲ್ಲಿಯ ಕೆಳಗಿನ ಕೆಂಪು ಕಲೆಯಾದರೆ ಅದು ಕಬ್ಬಿಣದ ಅಂಶದ್ದು. ಎಪ್ಸಮ್‌ಗೆ ಜಗ್ಗುವುದಿಲ್ಲ, ನಿಂಬೆ ಹುಳಿಗೆ ಜಗ್ಗುತ್ತದೆ. ಬಸವನಹುಳು ಓಡಿಸಲು ಗಿಡದ ಸುತ್ತ ಎರಚುವುದು ಸಮಯ ಹಾಳು. ಸೋಮವಾರಪೇಟೆ ಕಡೆ ಆಫ್ರಿಕನ್ ಬಸವನಹುಳು ಕಂಡವರಿಗೆ ಗೊತ್ತು, ಅವು ಇದಕ್ಕೆಲ್ಲ ಹೆದರುವ ಜಾತಿ ಅಲ್ಲ. ಅದೂ ನಮ್ಮ ಮಳೆಯಲ್ಲಿ ಎರಚಿದ ಉಪ್ಪು ಹತ್ತು ನಿಮಿಷವೂ ನಿಲ್ಲುವುದಿಲ್ಲ.

ಇನ್ನು ಗಿಡ. ಇಲ್ಲಿ ಮಾತ್ರ ಈ ಉಪ್ಪಿಗೆ ನಿಜವಾದ ಬೆಲೆ ಇದೆ, ನಮ್ಮ ಜಿಲ್ಲೆಯಲ್ಲಂತೂ. ಎಲೆಯ ಹಸಿರಿನ ನಡುವೆ ಕೂತಿರುವುದೇ ಮೆಗ್ನೀಸಿಯಂ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಆ ನೀರು ನಮ್ಮ ಹುಳಿ ಮಣ್ಣಿನಿಂದ ಮೆಗ್ನೀಸಿಯಂ, ಸುಣ್ಣ ಎರಡನ್ನೂ ತೊಳೆದು ಕಾವೇರಿಗೆ ಸೇರಿಸುತ್ತದೆ. ಸಾಲದ್ದಕ್ಕೆ ಕಾಯಿ ದಪ್ಪ ಬರಲಿ ಅಂತ ಪೊಟ್ಯಾಷ್ ಸುರಿಯುತ್ತೇವೆ. ಪೊಟ್ಯಾಷ್ ಜಾಸ್ತಿಯಾದರೆ ಬೇರು ಮೆಗ್ನೀಸಿಯಂ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ.

ಕೊರತೆ ಇದೆಯಾ ಅಂತ ತಿಳಿಯಲು ಹಳೇ ಎಲೆ ನೋಡಿ, ಚಿಗುರಲ್ಲ. ಗಿಡ ಹಳೇ ಎಲೆಯಿಂದ ಮೆಗ್ನೀಸಿಯಂ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನರಗಳ ನಡುವೆ ಹಳದಿಯಾಗುತ್ತದೆ. ಚಿಗುರೇ ಹಳದಿಯಾಗಿದ್ದರೆ ಅದು ಬೇರೆ ಕಥೆ, ಕಬ್ಬಿಣದ್ದೋ ಸತುವಿನದ್ದೋ. ಆಗ ಎಪ್ಸಮ್ ಹಾಕಿ ಪ್ರಯೋಜನವಿಲ್ಲ. ಗುಲಾಬಿಗೆ ಲೀಟರ್ ನೀರಿಗೆ 5 ಗ್ರಾಂ, ಅಂದರೆ ತಟ್ಟಿ ಸಮ ಮಾಡಿದ ಒಂದು ಟೀ ಚಮಚ ಕರಗಿಸಿ, ಬಿಸಿಲೇರುವ ಮೊದಲು ಎಲೆಯ ಎರಡೂ ಬದಿಗೆ ಸಿಂಪಡಿಸಿ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಹಳದಿಯಾದ ಎಲೆ ಪೂರ್ತಿ ಹಸಿರಾಗುತ್ತದೆ ಅಂತ ಕಾಯಬೇಡಿ, ಮುಂದೆ ಬರುವ ಎಲೆ ಸರಿಯಾಗಿದೆಯಾ ನೋಡಿ. ಅಂಗಳದ ಹೈಡ್ರೇಂಜಿಯಾ ನೀಲಿ ಆಗಲಿ ಅಂತ ಇದನ್ನು ಹಾಕುವವರೂ ಇದ್ದಾರೆ. ನೀಲಿ ಬರುವುದು ಹುಳಿ ಮಣ್ಣಿನ ಅಲ್ಯೂಮಿನಿಯಂನಿಂದ. ಕೊಡಗಿನ ಮಣ್ಣಿನಲ್ಲಿ ಅದು ತಾನಾಗಿಯೇ ಆಗುತ್ತದೆ.

ಕಾಫಿಗೆ ಸಿಂಪಡಿಸುವಾಗ ಯಜಮಾನರಿಗೆ ಒಂದು ಮಾತು ಹೇಳಿ. ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರದ ಔಷಧ) ಡ್ರಮ್ಮಿಗೆ ಇದನ್ನು ಸೇರಿಸಬಾರದು. ಅದರಲ್ಲಿರುವ ಸುಣ್ಣದ ಜೊತೆ ಇದು ಕೂಡಿ ತಳದಲ್ಲಿ ಗಸಿ ಕೂರುತ್ತದೆ, ಸ್ಪ್ರೇಯರ್ ನಾಜಲ್ ಕಟ್ಟಿಕೊಳ್ಳುತ್ತದೆ, ಬೋರ್ಡೋ ಕೂಡ ಕೆಡುತ್ತದೆ. ಬೇರೆ ದಿನ, ಬೇರೆ ಡ್ರಮ್. ಇಡೀ ತೋಟದಲ್ಲಿ ಹಳದಿ ಕಾಣುತ್ತಿದ್ದರೆ ಸ್ಪ್ರೇ ತಾತ್ಕಾಲಿಕ, ಮಣ್ಣಿಗೆ ಡೋಲೋಮೈಟ್ ಕೊಡಬೇಕು. ಅದರಲ್ಲಿ ಸುಣ್ಣವೂ ಇದೆ, ಮೆಗ್ನೀಸಿಯಂ ಕೂಡ ಇದೆ, ಹುಳಿಯನ್ನೂ ಇಳಿಸುತ್ತದೆ. ಎಕರೆಗೆ ಎಷ್ಟು ಅನ್ನುವುದನ್ನು ಅಂದಾಜಿನಲ್ಲಿ ಮಾಡಬೇಡಿ, ಮಣ್ಣು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಇದೆ. ಇಬ್ಬರಲ್ಲಿ ನಿಮಗೆ ಹತ್ತಿರ ಯಾರೋ ಅವರನ್ನು ಕೇಳಿ.

ಮನೆ ಹಿಂದೆ ಹಳೇ ಕಿತ್ತಳೆ ಗಿಡ ಇದ್ದರೆ ಒಮ್ಮೆ ಅದರ ಹತ್ತಿರ ಹೋಗಿ. ಕಾಯಿ ಬಿಟ್ಟ ಕೊಂಬೆಯ ಹಳೇ ಎಲೆ ಕಿತ್ತು ಅಂಗೈ ಮೇಲೆ ಇಡಿ. ಅಂಚೆಲ್ಲ ಹಳದಿಯಾಗಿ, ತೊಟ್ಟಿನ ಕಡೆ ಮಾತ್ರ ಮೊನೆ ಮುಂದಕ್ಕಿರುವ ಹಸಿರು ತ್ರಿಕೋನ ಉಳಿದಿದ್ದರೆ ಮೂಟೆಯಲ್ಲಿ ಉಳಿದಿರುವುದು ಆ ಗಿಡದ್ದು. ಲೀಟರಿಗೆ 10 ಗ್ರಾಂ, ಮಳೆ ನಿಂತ ಮೇಲೆ.